ಬಿಳಿ ಶಾಯಿಯ ಎರಡು ಪದ

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟೊಂದಿತ್ತು. ನಲವತ್ತು ವರ್ಷ ಪೆನ್ನು ಒತ್ತಿ ಒತ್ತಿ ಜಡ್ಡುಗಟ್ಟಿದ ಚರ್ಮ. ನೀಲಿ ಶಾಯಿ ಅದರೊಳಗೆ ಇಳಿದು ಹಚ್ಚೆಯ ಹಾಗೆ ನಿಂತುಬಿಟ್ಟಿತ್ತು. ಏನಾದರೂ ಮುಖ್ಯವಾದ ಮಾತು ಆಡುವ ಮುಂಚೆ ಹೆಬ್ಬೆರಳಿನಿಂದ ಆ ಗಂಟನ್ನು ನಿಧಾನವಾಗಿ ತಿಕ್ಕಿಕೊಳ್ಳುತ್ತಿದ್ದರು. ಎದುರಿಗೆ ಕೂತವರು ಅಷ್ಟು ಹೊತ್ತು ಕಾಯಲೇಬೇಕಿತ್ತು.

ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ರೈಟರ್ ಆಗಿದ್ದವರು. ಆಳುಗಳ ಹಾಜರಿ ಹಿಡಿಯುವುದು, ಆಫೀಸಿನ ಕಾಗದಪತ್ರ ನೋಡಿಕೊಳ್ಳುವುದು ಅವರ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಹೋದಾಗ ಅವರು ನಿವೃತ್ತರಾಗಿ ಎರಡು ಮೂರು ವರ್ಷವಾಗಿತ್ತು. ಹೆಂಡತಿ ತೀರಿಕೊಂಡಿದ್ದರು. ಮಗಳನ್ನು ಕುಂದೂರಿಗೆ ಕೊಟ್ಟಿದ್ದರು. ದೊಡ್ಡ ಯಜಮಾನರು ಬದುಕಿದ್ದಾಗ ‘ಇರೋಗಂಟ ಇರಿ’ ಎಂದು ಬಿಟ್ಟುಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ವಾಸ. ಊರವರ ಬಾಯಲ್ಲಿ ಅವರು ಆಗಲೂ ರೈಟರ್ರೇ. ನನಗೂ ಹಾಗೇ ಅಭ್ಯಾಸವಾಯಿತು.

ಆ ವರ್ಷ ನಮ್ಮ ಶಾಲೆಗೆ ಐವತ್ತು ತುಂಬುತ್ತಿತ್ತು. ಸುತ್ತಲಿನ ಹಳೆಯ ಫೋಟೋ, ಕಾಗದಗಳನ್ನೆಲ್ಲ ಸೇರಿಸಿ ಒಂದು ಪ್ರದರ್ಶನ ಮಾಡಬೇಕೆಂದು ಹೆಡ್‌ಮಾಸ್ಟರು ಹೊರಟರು. ಬಿಳಿಯರ ಕಾಲದ ಮ್ಯಾನೇಜರನೊಬ್ಬನ ಡೈರಿ, ಆಲ್ಬಮ್ ಎಲ್ಲ ಒಂದು ಟ್ರಂಕಿನಲ್ಲಿದೆ, ರೈಟರ್ ಹತ್ತಿರ ಇದೆ, ನೀವು ಹೋಗಿ ಕನ್ನಡಕ್ಕೆ ಮಾಡಿಕೊಂಡು ಬನ್ನಿ ಎಂದು ನನ್ನನ್ನು ಕಳಿಸಿದರು.

ಭಾನುವಾರ ಭಾನುವಾರ ಹೋಗುತ್ತಿದ್ದೆ. ಅವರು ಮೊದಲು ಕೈ ತೊಳೆಯುತ್ತಿದ್ದರು. ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿ, ಮೇಜಿನ ಮೇಲೆ ಮಡಿಪಂಚೆ ಹಾಸಿ, ಆಮೇಲೆ ಟ್ರಂಕು ತೆರೆಯುತ್ತಿದ್ದರು. ನಾನು ಒಂದು ಪುಟ ಓದಿ ಏನಾದರೂ ಹೇಳಹೊರಟರೆ ಕೈ ಎತ್ತಿ ತಡೆಯುತ್ತಿದ್ದರು.

“ಮೊದ್ಲು ಪೂರ್ತಿ ಓದಿ ಟೀಚರಮ್ಮ. ಆಮೇಲೆ ಮಾತು.”

ಡೈರಿಯಲ್ಲಿ ಮಳೆಯ ಲೆಕ್ಕ, ಹೂಮಳೆ ಬಿದ್ದ ದಿನ, ಚಿರತೆ ಹೊತ್ತುಕೊಂಡು ಹೋದ ನಾಯಿ, ಕಾಂಡಕೊರಕದ ಕಾಟ. ಓದಲು ಹಿತವಾಗಿತ್ತು. ಆ ಮನುಷ್ಯ ಒಳ್ಳೆಯ ಇಂಗ್ಲಿಷ್ ಬರೆಯುತ್ತಿದ್ದ. ಮೂರನೆಯ ಭಾನುವಾರ ಆಲ್ಬಮ್ ತೆಗೆದೆವು. ಕರಿ ರಟ್ಟಿನ ಹಾಳೆಗಳು, ಪ್ರತಿ ಚಿತ್ರದ ಕೆಳಗೆ ಬಿಳಿ ಶಾಯಿಯಲ್ಲಿ ಒಂದೊಂದು ಸಾಲು. ನಡುವಿನ ಹಾಳೆಯೊಂದರಲ್ಲಿ ಆರು ಮಂದಿ ಹೆಂಗಸರು ಕಾಫಿ ಸ್ಟೋರಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಕಾಲ ಬಳಿ ಕುಕ್ಕೆಗಳು. ಎಡದಿಂದ ಮೂರನೆಯವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಇನ್ನೇನು ನಗುವುದರಲ್ಲಿದ್ದಳು.

ಕೆಳಗಿನ ಸಾಲಿನ ಅರ್ಥ ಇಷ್ಟು: ಚಿತ್ರಕ್ಕೆಂದು ತೊಳೆಸಿ ನಿಲ್ಲಿಸಿದ ನನ್ನ ಇಂಥಿಂಥವು. ಆ ‘ಇಂಥಿಂಥವು’ ಇರುವ ಜಾಗದಲ್ಲಿ ಎರಡು ಪದಗಳಿದ್ದವು. ಒಂದು ಅವರ ಮೈಬಣ್ಣವನ್ನು ಬೈಗುಳ ಮಾಡುವ ಪದ, ಇನ್ನೊಂದು ಅವರನ್ನು ಪ್ರಾಣಿಗಳ ಲೆಕ್ಕಕ್ಕೆ ಸೇರಿಸುವ ಪದ. ಅವುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ.

ನಾನು ಆಗಿನ್ನೂ ಇಪ್ಪತ್ತೈದರವಳು. ಮುಜುಗರವಾಯಿತು. ನೋಟ್‌ಬುಕ್ಕಿನಲ್ಲಿ ‘ನನ್ನ ಕರಿಯರ ಗುಂಪು’ ಎಂದು ಬರೆದು ಮುಂದಿನ ಹಾಳೆಗೆ ಹೋದೆ. ಅವರು ನನ್ನ ನೋಟ್‌ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು ಓದಿದರು. ಹೆಬ್ಬೆರಳು ಗಂಟನ್ನು ತಿಕ್ಕತೊಡಗಿತು.

“ಕರಿಯಪ್ಪ ಅಂತ ನಾವು ದೇವ್ರನ್ನ ಕರೀತೀವಿ. ಮಗ ಹುಟ್ಟಿದ್ರೆ ಕರಿಯ ಅಂತ ಹೆಸ್ರಿಕ್ತೀವಿ. ಈ ಸಾಲಲ್ಲಿ ಮೂರ್ನೇ ಹೆಂಗ್ಸು ಐತಲ್ಲ, ಅವಳ ಹೆಸ್ರೇ ಕರಿಯಮ್ಮ. ಅವನು ಕರೆದದ್ದು ಆ ಕರಿಯ ಅಲ್ಲ ಟೀಚರಮ್ಮ. ನೀವು ಅವನ ಬಾಯಿ ತೊಳೆದು ಕೊಡ್ತಾ ಇದೀರಿ.”

ನನಗೆ ಸಿಟ್ಟು ಬಂತು. “ಹಾಗಾದರೆ ಏನು ಬರೆಯಲಿ ರೈಟರ್ರೇ? ಶಾಲೆಯ ಗೋಡೆ ಮೇಲೆ ಅದನ್ನು ಬರೆಯೋಕಾಗುತ್ತಾ?”

ಅವರು ಎದ್ದು ಹೋಗಿ ಬಾಗಿಲ ಬಳಿ ನಿಂತರು. ನನ್ನ ಕಡೆ ತಿರುಗದೆಯೇ ಹೇಳಿದರು.

ಅವರು ಕೆಲಸಕ್ಕೆ ಸೇರಿದಾಗ ಹದಿನೆಂಟು ವರ್ಷ. ಆ ಮ್ಯಾನೇಜರನಿಗೆ ಆಗ ವಯಸ್ಸಾಗಿತ್ತು, ತನ್ನ ದೇಶಕ್ಕೆ ಹೊರಟುನಿಂತಿದ್ದ. ಹೋಗುವ ಮುಂಚೆ ಒಂದು ದಿನ ಆಳುಗಳ ಸಾಲುಮನೆಗಳಾದ ಲೈನಿನವರನ್ನೆಲ್ಲ ಕಾಫಿ ಒಣಗಿಸುವ ಕಣಕ್ಕೆ ಕರೆಸಿ ಆಲ್ಬಮ್ ತೋರಿಸಿದ. ಇಪ್ಪತ್ತು ವರ್ಷ ಹಿಂದಿನ ಈ ಚಿತ್ರ ಬಂದಾಗ, ‘ಕೆಳಗೆ ನಾನು ಏನು ಬರೆದಿದ್ದೇನೆ ಅಂತ ಇವರಿಗೆ ಹೇಳು’ ಎಂದು ಇವರ ಕೈಗೆ ಕೊಟ್ಟ. ಪಕ್ಕದಲ್ಲಿ ಅವನ ಸ್ನೇಹಿತರಿದ್ದರು. ಚಿತ್ರದ ಆರು ಜನರಲ್ಲಿ ಇಬ್ಬರು ಬದುಕಿದ್ದರು, ಮುಂದಿನ ಸಾಲಿನಲ್ಲೇ ಕೂತಿದ್ದರು.

“ನಾನು ಹೇಳ್ಬುಟ್ಟೆ, ‘ನನ್ನ ಒಳ್ಳೇ ಕೆಲಸಗಾರರು’ ಅಂತ ಬರೆದವ್ರೆ ಅಂತ. ಆ ಇಬ್ರೂ ಎದ್ದು ನಿಂತು ಅವನಿಗೆ ಕೈ ಮುಗಿದ್ರು ಟೀಚರಮ್ಮ. ಕೈ ಮುಗಿದ್ರು. ಅವನು ಅವನ ಸ್ನೇಹಿತರ ಮುಖ ನೋಡಿ ನಕ್ಕ.”

ಅವರು ಒಳಗೆ ಬಂದು ಕೂತರು. ಮ್ಯಾನೇಜರ್ ಟ್ರಂಕನ್ನು ಆಫೀಸಿನಲ್ಲೇ ಬಿಟ್ಟುಹೋದ, ಅದು ಇವರ ಸುಪರ್ದಿಗೆ ಬಂತು. ಆಮೇಲೆ ಆ ಇಬ್ಬರು ಹೆಂಗಸರ ಬಳಿ ಹೋಗಿ ಚಿತ್ರದಲ್ಲಿದ್ದವರ ಹೆಸರು ಕೇಳಿ ಬರೆದುಕೊಂಡದ್ದನ್ನು ಹೇಳಿದರು. ಐದು ಹೆಸರು ಸಿಕ್ಕವು. ಆರನೆಯವಳು ಯಾವುದೋ ಬೇರೆ ಸೀಮೆಯಿಂದ ಒಂದು ಸುಗ್ಗಿಗೆ ಬಂದು ಹೋದವಳಂತೆ. ಮೂರನೆಯ ಕರಿಯಮ್ಮ ಚಿತ್ರ ತೆಗೆದ ಮುಂದಿನ ವರ್ಷವೇ ಜ್ವರದಲ್ಲಿ ಸತ್ತಳು. ಅವಳ ಮಗಳು ಕಣದ ದಿನ ಊರಲ್ಲಿರಲಿಲ್ಲ; ಈಗ ಲೈನಿನಲ್ಲೇ ಇದ್ದಾಳೆ, ಸಣ್ಣಮ್ಮಜ್ಜಿ.

“ಅವರಿಗೆ ಈ ಚಿತ್ರ ತೋರಿಸಿದ್ದೀರಾ?” ಎಂದೆ.

“ಇಲ್ಲ. ತೋರ್ಸಿದ್ರೆ ಕೆಳಗಿರೋದು ಓದ್ಬೇಕಾಗ್ತಿತ್ತು. ಇನ್ನೊಂದ್ ಸಲ ಸುಳ್ಳು ಹೇಳೋಕೆ ಮನಸಿರ್ಲಿಲ್ಲ. ನಿಜ ಹೇಳೋಕೆ ಧೈರ್ಯ ಬರ್ಲಿಲ್ಲ.”

ಪ್ರದರ್ಶನಕ್ಕೆ ಎರಡು ದಿನವಿದ್ದಾಗ ಆ ಹಾಳೆ, ಕೆಳಗಿನ ಸಾಲನ್ನು ಏನು ಮಾಡುವುದೆಂದು ಇನ್ನೂ ತೀರ್ಮಾನವಾಗದೆ, ಶಾಲೆಯ ಮೇಜಿನ ಮೇಲಿತ್ತು. ಮಧ್ಯಾಹ್ನ ಎಸ್ಟೇಟಿನ ಚಿಕ್ಕ ಯಜಮಾನರು ಜೀಪಿನಲ್ಲಿ ಬಂದರು. ಅಪ್ಪ ತೀರಿಕೊಂಡ ಮೇಲೆ ಎಲ್ಲ ಅವರದೇ ಕೈಯಲ್ಲಿತ್ತು. ಆ ಮ್ಯಾನೇಜರನ ಮೊಮ್ಮಗಳು, ಅವಳ ಗಂಡ ಅಜ್ಜನ ಬಂಗಲೆ ನೋಡಲು ಇಂಗ್ಲೆಂಡಿನಿಂದ ಬಂದಿದ್ದಾರೆ, ಮಂಗಳೂರಿನಲ್ಲಿದ್ದಾರೆ, ಅವರೇ ಪ್ರದರ್ಶನ ಉದ್ಘಾಟಿಸುತ್ತಾರೆ ಎಂದು ಹೇಳಲು ಬಂದಿದ್ದರು. ಮಾತಾಡುತ್ತಲೇ ಮೇಜಿನ ಮೇಲಿದ್ದುದನ್ನು ಓದಿದರು. ಮುಖ ಕೆಂಪಾಯಿತು.

“ಇದೇನ್ರೀ ಇದು? ಅವರ ಅಜ್ಜನ ಮರ್ಯಾದೆ ಅವರೆದುರಿಗೇ ತೆಗೀತೀರಾ?”

ಹೆಡ್‌ಮಾಸ್ಟರು ಗಾಬರಿಯಾಗಿ ಡ್ರಾಯರಿನಿಂದ ಕತ್ತರಿ ತೆಗೆದರು. “ಕೆಳಗಿನ ಒಂದು ಪಟ್ಟಿ ತಾನೇ ಸಾರ್? ಚಿತ್ರಕ್ಕೇನೂ ಆಗೋಲ್ಲ.”

ಚಪ್ಪರದ ಕೆಲಸಕ್ಕೆಂದು ಬಂದಿದ್ದ ಶಿವರಾಜ ಕಿಟಕಿಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ. ಸಣ್ಣಮ್ಮಜ್ಜಿಯ ಮೊಮ್ಮಗ, ಸಕಲೇಶಪುರದಲ್ಲಿ ಬಿ.ಎ. ಮುಗಿಸಿದ್ದ. ಒಳಗೆ ಬಂದು ಚಿತ್ರದ ಮೇಲೆ ಬಗ್ಗಿದ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಸಾಲನ್ನು ಓದಿ ನೆಟ್ಟಗೆ ನಿಂತ.

“ಇದನ್ನ ಕತ್ತರಿಸ್ತೀರಾ? ಇದನ್ನ ಬಾಗಿಲಷ್ಟು ದೊಡ್ಡದಾಗಿ ಬರೆದು ಹಾಕ್ಬೇಕು. ಅವರು ಬಂದು ಕೂತ್ಕಂಡ ಮೇಲೆ ಮೈಕಲ್ಲಿ ನಾನೇ ಓದ್ತೀನಿ.”

“ಓದು ನೋಡೋಣ,” ಎಂದರು ಚಿಕ್ಕ ಯಜಮಾನರು.

ರೈಟರ್ ಅಲ್ಲಿಯವರೆಗೆ ಮೂಲೆಯ ಸ್ಟೂಲಿನಲ್ಲಿ ಕೂತಿದ್ದರು. ಎದ್ದು ಬಂದು ಚಿತ್ರದ ಮೇಲೆ ತಮ್ಮ ಅಂಗೈ ಇಟ್ಟರು. ಹೆಡ್‌ಮಾಸ್ಟರ ಕತ್ತರಿ ಅವರ ಬೆರಳಿನಿಂದ ಗೇಣುದೂರದಲ್ಲಿತ್ತು.

“ಇದು ನಿಮ್ದೂ ಅಲ್ಲ ಧಣಿ. ಮೈಕಲ್ಲಿ ಓದೋಕೆ ನಿಂದೂ ಅಲ್ಲ ಶಿವರಾಜ. ನಂದಂತೂ ಅಲ್ವೇ ಅಲ್ಲ. ಇವತ್ತು ಸಂಜೆ ಕೇಳ್ಬೇಕಾದವ್ರನ್ನ ಕೇಳ್ಕಂಡು ಬತ್ತೀನಿ. ಅಲ್ಲೀಗಂಟ ಕತ್ತರಿ ಕೆಳಗಿಡಿ ಮೇಷ್ಟ್ರೇ.”

ಚಿಕ್ಕ ಯಜಮಾನರು ಅವರನ್ನೇ ನೋಡಿದರು. “ನೀವಿರೋದು ನಮ್ಮ ಕ್ವಾರ್ಟರ್ಸಲ್ಲಿ ರೈಟರ್ರೇ. ಅದೊಂದು ನೆನಪಿರಲಿ.”

“ನೆನಪೈತೆ ಧಣಿ.”

ಕತ್ತರಿ ಮೇಜಿನ ಮೇಲೆ ಇಳಿಯಿತು. ಜೀಪು ಹೊರಟುಹೋಯಿತು.

ಸಂಜೆ ಐದರ ಹೊತ್ತಿಗೆ ರೈಟರ್, ಶಿವರಾಜ, ನಾನು ಮೂವರೂ ಲೈನಿನ ಕಡೆ ನಡೆದೆವು. ಆಲ್ಬಮ್ ಹಾಳೆ ಪಂಚೆಯಲ್ಲಿ ಸುತ್ತಿ ರೈಟರ ಎದೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಶಿವರಾಜ ತಟ್ಟನೆ ಕೇಳಿದ.

“ಬಿಳಿಯ ಬರೆದಿಟ್ಟ, ಸಿಕ್ಕಿಹಾಕ್ಕಂಡ. ನೀವು ಹಾಜರಿ ಪುಸ್ತಕದಲ್ಲಿ ನಮ್ಮಜ್ಜಿ ಹೆಸ್ರು ಹೆಂಗೆ ಬರೀತಿದ್ರಿ ಸಾರ್?”

ನಾನು ಶಿವರಾಜನನ್ನು ಸುಮ್ಮನಿರು ಎನ್ನುವಂತೆ ನೋಡಿದೆ. ರೈಟರ್ ನಡೆಯುವುದನ್ನು ನಿಲ್ಲಿಸಿದರು.

“ಸಣ್ಣಿ ಅಂತ. ಲೈನಿನ ಹೆಂಗಸ್ರನ್ನೆಲ್ಲ ಹಂಗೇ ಬರೀತಿದ್ದೆ. ಸಣ್ಣಿ, ದೇವಿ, ಹೊನ್ನಿ. ನಮ್ಮ ಕೇರಿ ಹೆಂಗಸ್ರು ಕೆಲಸಕ್ಕೆ ಬಂದ್ರೆ ಮಾತ್ರ ‘ಅಮ್ಮ’ ಸೇರಿಸ್ತಿದ್ದೆ. ಯಾರೂ ಹೇಳ್ಕೊಟ್ಟಿರ್ಲಿಲ್ಲ. ಹಂಗೇ ಕೈ ಹೋಗ್ತಿತ್ತು.”

ಶಿವರಾಜ ಜಗಳಕ್ಕೆ ಸಿದ್ಧನಾಗಿದ್ದ. ಒಪ್ಪಿಕೊಂಡ ಮನುಷ್ಯನೊಡನೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಕಾಲಿನಿಂದ ಒಂದು ಕಲ್ಲನ್ನು ಒದ್ದು ಮುಂದೆ ನಡೆದ.

ಸಣ್ಣಮ್ಮಜ್ಜಿ ಹೊಸ್ತಿಲ ಬಳಿ ಕೂತು ಗೋಣಿಚೀಲ ಹೊಲಿಯುತ್ತಿದ್ದಳು. ರೈಟರ್ ಹೊರಗಿನ ಕೊಡದಿಂದ ನೀರು ಬಗ್ಗಿಸಿ ಕೈ ತೊಳೆದರು. ಒರೆಸಿಕೊಂಡು, ನೆಲದ ಮೇಲೆ ಅವಳೆದುರಿಗೇ ಕೂತರು. ಅವರು ಲೈನಿನ ನೆಲದ ಮೇಲೆ ಕೂತದ್ದನ್ನು ನೋಡಿ ಅಕ್ಕಪಕ್ಕದವರು ಬಾಗಿಲಿಗೆ ಬಂದರು.

“ಸಣ್ಣಮ್ಮ, ಇದ್ರಲ್ಲಿ ನಿಮ್ಮವ್ವ ಅವ್ಳೆ.”

ಅಜ್ಜಿ ಸೂಜಿ ಕೆಳಗಿಟ್ಟಳು. “ನಮ್ಮವ್ವನಾ? ಯಾವ್ದು?”

ಅವರು ಮೂರನೆಯವಳನ್ನು ತೋರಿಸಿದರು. ಅಜ್ಜಿ ಹಾಳೆಯನ್ನು ಮುಟ್ಟಲಿಲ್ಲ. ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಅವಳಿಗಾಗ ಅರವತ್ತೈದು ದಾಟಿತ್ತು, ಚಿತ್ರದಲ್ಲಿದ್ದ ತಾಯಿಗೆ ಇಪ್ಪತ್ತು ಇಪ್ಪತ್ತೆರಡು. ತುಂಬಾ ಹೊತ್ತಾದ ಮೇಲೆ ತಲೆ ಎತ್ತಿದಳು.

“ಇದು ಎಷ್ಟ್ ವರ್ಷದಿಂದ ನಿನ್ ತಾವ ಐತೆ ರೈಟರಯ್ಯ?”

“ನಲವತ್ತು ದಾಟ್ತು.”

“ನಲವತ್ತ್ ವರ್ಷ ನಮ್ಮವ್ವನ್ನ ಪೆಟ್ಟಿಗೇಲಿ ಇಟ್ಕಂಡಿದ್ದಾ? ನಾನು ದಿನಾ ಬೆಳಗೆದ್ದು ನಿನ್ನೆದ್ರಿಗೆ ಹಾಜರಿ ಹೇಳ್ತಿದ್ನಲ್ಲೋ ಮಾರಾಯ. ಅವ್ವನ ಮಖ ಹೆಂಗಿತ್ತು ಅಂತ ಊರೆಲ್ಲ ಕೇಳ್ತಿದ್ನಲ್ಲೋ.”

ರೈಟರ್ ತಲೆ ತಗ್ಗಿಸಿದರು. ಆಮೇಲೆ, ಅದೇ ಕೂತ ಭಂಗಿಯಲ್ಲಿ, ಕಣದಲ್ಲಿ ಹೇಳಿದ ಸುಳ್ಳನ್ನು ಹೇಳಿದರು. ಬಿಳಿ ಶಾಯಿಯಲ್ಲಿ ನಿಜವಾಗಿ ಏನಿದೆ ಎಂಬುದನ್ನೂ ಹೇಳಿದರು. ಆ ಎರಡು ಪದಗಳಿಗೆ ನಾನು ಹುಡುಕಿ ಹುಡುಕಿ ಸೋತಿದ್ದ ಕನ್ನಡ ಅವರ ಬಳಿ ಇತ್ತು. ಮೆತ್ತಗೆ ಮಾಡಲಿಲ್ಲ, ಏರಿಸಲೂ ಇಲ್ಲ. ಬಾಗಿಲಲ್ಲಿ ನಿಂತ ಅಕ್ಕಪಕ್ಕದವರಿಗೆ ಕೇಳದಷ್ಟು ದನಿಯಲ್ಲಿ ಒಂದೇ ಸಲ ಹೇಳಿದರು.

ಅಜ್ಜಿ ಎದ್ದು ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು. ನಾವು ಕಾದೆವು. ಶಿವರಾಜ ಎರಡು ಸಲ ಒಳಗೆ ಹೋಗಲು ಎದ್ದವನು ಎರಡು ಸಲವೂ ಕೂತ. ಒಳಗಿನಿಂದ ನೀರಿನ ಸದ್ದು ಬಂತು. ಅವಳು ಮುಖ ತೊಳೆದು, ಸೆರಗು ಹೊದ್ದು ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು, ಆದರೆ ಮಾತು ಗಟ್ಟಿಯಾಗಿತ್ತು.

“ಕತ್ತರಿಸ್ಬ್ಯಾಡಿ. ಕತ್ತರಿಸಿದ್ರೆ ಅವ್ನು ಒಳ್ಳೇವ್ನಾಗ್ಬುಡ್ತಾನೆ. ಆದ್ರೆ ನಮ್ಮವ್ವನ ಮಖದ ಕೆಳಗೆ ಅದು ಬ್ಯಾಡ. ಅಲ್ಲಿ ಅವಳ ಹೆಸ್ರು ಹಾಕಿ. ಅವ್ನ್ ಮಾತ್ನ ಬ್ಯಾರೆ ಕಡೆ ಮುಚ್ಚಿಡಿ, ಯಾವನು ಬರ್ದ ಅಂತ್ಲೂ ಹಾಕಿ. ಬೇಕಾದವ್ರು ತೆಗ್ದು ನೋಡ್ಕಳ್ಳಲಿ.”

“ಮೈಕಲ್ಲಿ ಓದೋಕೆ ನಿಂಗೇನಜ್ಜಿ ಭಯ?” ಎಂದ ಶಿವರಾಜ.

“ಭಯ ಅಲ್ಲ ಕಣೋ. ನಾಳೀಕೆ ಇಸ್ಕೂಲ್ ಮಕ್ಳು ಅದ್ನ ಕಲ್ತ್ಕಂಡು ನಿನ್ ತಂಗೀನೇ ಹಂಗ್ ಕರೀತಾವೆ. ಸತ್ತೋದವ್ನ ಬಾಯಿಂದ ಹೊಸ ಬಾಯಿಗೆ ಯಾಕ್ ಹಾಕ್ತೀಯ?”

ಮರುದಿನ ಶಾಲೆಯಲ್ಲಿ ಚಿತ್ರದ ಕೆಳಗಿನ ಸಾಲಿನ ಮೇಲೆ ಕರಿ ಕಾಗದದ ಪಟ್ಟಿಯನ್ನು, ಅಂಟು ಹಚ್ಚದೆ, ಬರೀ ಸಿಕ್ಕಿಸಿ ಕೂರಿಸಿದವನು ಶಿವರಾಜನೇ. ಅದರ ಮೇಲೆ ರೈಟರ್ ತಮ್ಮ ಗುಂಡು ಅಕ್ಷರಗಳಲ್ಲಿ ಹೆಸರು ಬರೆದರು. ಐದಕ್ಕೂ ‘ಅಮ್ಮ’ ಸೇರಿಸಿದರು. ಆರನೆಯದಕ್ಕೆ ‘ಹೆಸರು ತಿಳಿಯದ ತಾಯಿ’ ಎಂದು ಬರೆದರು. ಮ್ಯಾನೇಜರನ ಸಾಲಿನ ನಕಲನ್ನೂ ಅರ್ಥವನ್ನೂ ಪಕ್ಕದ ಮೇಜಿನ ಮೇಲೆ ಮುಚ್ಚಿದ ರಟ್ಟಿನೊಳಗಿಟ್ಟೆವು. ರಟ್ಟಿನ ಮೇಲೆ ಏನು ಬರೆಯಬೇಕೆಂದು ರೈಟರ್ ಐದು ಕಾಗದ ಹರಿದು ಹಾಕಿ, ಆರನೆಯದನ್ನು ಅಂಟಿಸಿದರು: ‘ಈ ಚಿತ್ರದ ಕೆಳಗೆ ಅಂದಿನ ಮ್ಯಾನೇಜರ್ ಈ ಹೆಂಗಸರನ್ನು ಹೀನಾಯವಾಗಿ ಕರೆದು ಬರೆದಿದ್ದಾನೆ. ಅದು ಅವನ ಮಾತು. ಅಳಿಸಿಲ್ಲ. ಓದಬೇಕೆನ್ನುವವರು ತೆರೆದು ಓದಿ. ಗಟ್ಟಿಯಾಗಿ ಓದಬೇಡಿ.’

ಶನಿವಾರ ಹತ್ತು ಗಂಟೆಗೆ ಚಿಕ್ಕ ಯಜಮಾನರು ಅತಿಥಿಗಳಿಗಿಂತ ಮೊದಲೇ ಬಂದರು. ನೇರವಾಗಿ ಆ ಚಿತ್ರದ ಬಳಿ ಹೋಗಿ ರಟ್ಟಿನ ಮೇಲಿನದನ್ನು ಓದಿದರು.

“ತೆಗೀರಿ ಇದನ್ನ.”

ಹೆಡ್‌ಮಾಸ್ಟರ ಹಣೆಯಲ್ಲಿ ಬೆವರು. ರೈಟರ್ ಬಾಗಿಲ ಕಡೆ ಕೈ ತೋರಿಸಿದರು. ಹೊರಗೆ ಚಪ್ಪರದಡಿ ಲೈನಿನವರು ಸಾಲಾಗಿ ನಿಂತಿದ್ದರು, ಮುಂದೆ ಸಣ್ಣಮ್ಮಜ್ಜಿ, ಒಗೆದ ಸೀರೆಯಲ್ಲಿ.

“ತೆಗೀರಿ ಧಣಿ. ಆದ್ರೆ ನಾನು ತೆಗೆಯಾಕಿಲ್ಲ, ಮೇಷ್ಟ್ರೂ ತೆಗೆಯಾಕಿಲ್ಲ. ನೀವೇ ತೆಗೀರಿ. ಅವ್ವನ ನೋಡೋಕೆ ಮಗಳು ಬಂದವ್ಳೆ, ಅವಳ ಎದುರಿಗೇ ತೆಗೀರಿ.”

ಯಜಮಾನರ ಕೈ ಚಿತ್ರದ ಅಂಚಿನವರೆಗೆ ಹೋಯಿತು. ಅಜ್ಜಿ ಅವರನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ಹಾಗೆ ನಿಂತರೋ, ಕೊನೆಗೆ ಕೈ ಹಿಂದಕ್ಕೆ ಬಂತು. ಅಷ್ಟರಲ್ಲಿ ಆಫೀಸಿನ ಫೋನು ಹೊಡೆದುಕೊಂಡಿತು. ದೋಣಿಗಲ್ ಹತ್ತಿರ ಟ್ಯಾಂಕರ್ ಮಗುಚಿ ರಸ್ತೆ ಬಂದಾಗಿದೆ, ಅತಿಥಿಗಳು ಘಾಟಿಯ ಕೆಳಗಿನಿಂದಲೇ ಮಂಗಳೂರಿಗೆ ಹಿಂದಿರುಗಿದ್ದಾರೆ ಎಂಬ ಸುದ್ದಿ. ಯಜಮಾನರು ಯಾರಿಗೂ ಏನೂ ಹೇಳದೆ ಜೀಪು ಹತ್ತಿದರು. ಯಾರು ಬಂದು ಬೇಸರಪಟ್ಟುಕೊಳ್ಳುತ್ತಾರೆಂದು ಎರಡು ದಿನ ಇಷ್ಟೆಲ್ಲ ಆಯಿತೋ ಅವರು ಬರಲೇ ಇಲ್ಲ.

ಸಣ್ಣಮ್ಮಜ್ಜಿ ಮೊದಲು ಒಳಗೆ ಬಂದಳು. ರಟ್ಟನ್ನು ತೆರೆಯಲಿಲ್ಲ. ಚಿತ್ರದ ಮುಂದೆ ನಿಂತು, ಓದು ಬರದವಳು, ಮೂರನೆಯ ಹೆಸರಿನ ಮೇಲೆ ಬೆರಳಿಟ್ಟು ಶಿವರಾಜನಿಂದ ಓದಿಸಿದಳು. ಇನ್ನೊಂದು ಸಲ ಓದಿಸಿದಳು. ಲೈನಿನವರಲ್ಲಿ ಕೆಲವರು ರಟ್ಟು ತೆರೆದು, ಓದಿಸಿಕೊಂಡು, ಮತ್ತೆ ಮುಚ್ಚಿದರು. ಕೆಲವರು ಅದರ ಹತ್ತಿರವೂ ಹೋಗಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಕ್ವಾರ್ಟರ್ಸ್ ರಿಪೇರಿ ಮಾಡಿಸಬೇಕು, ಖಾಲಿ ಮಾಡಿ ಎಂದು ಎಸ್ಟೇಟಿನಿಂದ ಚೀಟಿ ಬಂತು. ಟ್ರಂಕು ಬಂಗಲೆಗೆ ವಾಪಸ್ಸಾಯಿತು. ಅಷ್ಟರೊಳಗೆ ರೈಟರ್ ಸಕಲೇಶಪುರದ ಸ್ಟುಡಿಯೋದಲ್ಲಿ ಆ ಚಿತ್ರದ ಪ್ರತಿ ತೆಗೆಸಿ ಸಣ್ಣಮ್ಮಜ್ಜಿಗೆ ಕೊಟ್ಟಿದ್ದರು. ಒಂದು ಹಾಸಿಗೆಸುರುಳಿ, ನಾಲ್ಕು ಪಾತ್ರೆ ಹಿಡಿದು ಕುಂದೂರಿನ ಮಗಳ ಮನೆಗೆ ಹೊರಟರು. ಶಿವರಾಜ ಜೊತೆಗೆ ಹೋಗಿ ಬಿಟ್ಟು ಬಂದ. ಕ್ವಾರ್ಟರ್ಸ್ ರಿಪೇರಿ ನಾನು ಅಲ್ಲಿರುವವರೆಗೂ ನಡೆಯಲಿಲ್ಲ.

ಕುಂದೂರಿಗೆ ನಾನು ಆಗಾಗ ಹೋಗುತ್ತಿದ್ದೆ. ಕ್ವಾರ್ಟರ್ಸಿನ ವಿಷಯ ಅವರು ಒಂದು ದಿನವೂ ಎತ್ತಲಿಲ್ಲ. ಒಮ್ಮೆ ನಾನೇ ಎತ್ತಿದೆ. ನನ್ನಿಂದಾಗಿ, ಈ ಪ್ರದರ್ಶನದಿಂದಾಗಿ ನಿಮಗೆ ಹೀಗಾಯಿತಲ್ಲ ಎಂದೆ. ಅವರು ಗಂಟನ್ನು ತಿಕ್ಕಿಕೊಂಡರು.

“ಅವತ್ತು ಕಣದಲ್ಲಿ ಆ ಇಬ್ರು ಕೈ ಮುಗಿದ್ರಲ್ಲ, ಅದು ನಂಗೆ ಊಟಕ್ಕೆ ಕೂತ್ರೂ ಕಾಣೋದು ಟೀಚರಮ್ಮ. ಈಗ ಅಷ್ಟೊಂದು ಕಾಣಾಕಿಲ್ಲ.”

ಎರಡು ಸಾವಿರದ ಆಚೆ ಒಂದು ಶ್ರಾವಣದಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣ್ಣಿಗೆ ಲೈನಿನಿಂದ ಹನ್ನೊಂದು ಜನ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಸಣ್ಣಮ್ಮಜ್ಜಿಗೆ ಆಗ ಕಣ್ಣು ಮಂಜಾಗಿತ್ತು, ಶಿವರಾಜನ ಭುಜ ಹಿಡಿದು ನಿಂತಿದ್ದಳು.

ಮಾರನೆಯ ವಾರ ಶಾಲೆಯಲ್ಲಿ ಸಂತಾಪ ಸಭೆ. ಮಕ್ಕಳು, ಮೇಷ್ಟರುಗಳು, ಮುಂದಿನ ಕುರ್ಚಿಯಲ್ಲಿ ಚಿಕ್ಕ ಯಜಮಾನರು. ಹೆಡ್‌ಮಾಸ್ಟರು ಬರೆದು ತಂದ ಕಾಗದ ಓದುತ್ತಿದ್ದರು. ಅಕ್ಷರ ಚೆಂದ, ನಡತೆ ಚೆಂದ ಎಂದೆಲ್ಲ ಆದ ಮೇಲೆ, ‘ವಯಸ್ಸಾದ ಕಾಲದಲ್ಲಿ ಸ್ವಇಚ್ಛೆಯಿಂದ ಎಸ್ಟೇಟಿನ ವಾಸ ಬಿಟ್ಟು ಮಗಳ ಮನೆ ಸೇರಿ’ ಎಂದು ಓದಿದರು.

ನಾನು ಎದ್ದು ನಿಂತೆ. ಹೆಚ್ಚು ಹೇಳಬಾರದು, ಕಡಿಮೆಯೂ ಹೇಳಬಾರದು ಎಂದುಕೊಂಡೆ.

“ಸಾರ್, ಅವರಾಗಿ ಬಿಡಲಿಲ್ಲ. ಬಿಡಿಸಿದರು.”

ಯಾರೂ ನನ್ನ ಕಡೆ ತಿರುಗಲಿಲ್ಲ. ಹೆಡ್‌ಮಾಸ್ಟರು ಮುಂದಿನ ಕುರ್ಚಿಯ ಕಡೆ ಒಮ್ಮೆ ನೋಡಿ, ಮತ್ತೆ ತಮ್ಮ ಕಾಗದ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ನಿಂತಲ್ಲೇ ‘ಸ್ವಇಚ್ಛೆಯಿಂದ’ ಎಂಬುದನ್ನು ಹೊಡೆದು ಹಾಕಿ, ಮೇಲೆ ‘ಒತ್ತಾಯಕ್ಕೆ’ ಎಂದು ಬರೆದು, ಆ ವಾಕ್ಯವನ್ನು ಮೊದಲಿನಿಂದ ಓದಿದರು.